ಊಟಕ್ಕೆಂದೇ ಇದ್ದ ಮನೆ

ಮನೆಯೊಡತಿ ವೇರಾ ಅಜ್ಜಿ ತನ್ನ ಮೊಮ್ಮಗನ ಮದುವೆ ಗೊತ್ತುಮಾಡಿಕೊಂಡು ಬಂದ ದಿನವೇ ಬಾತ್ಮಾಳನ್ನು ಕರೆದು ಹೇಳಿಬಿಟ್ಟಳು: ಮೊದಲ ಹಿಮ ಬೀಳುವುದರೊಳಗೆ ಹಿತ್ತಲ ಕೋಣೆ ಬಿಟ್ಟುಕೊಡಬೇಕು. ಹೇಳಿದ ರೀತಿಯಲ್ಲಿ ಕೆಡುಕಿರಲಿಲ್ಲ. ಎರಡು ಬಾಟಲಿ ಹಣ್ಣಿನ ಪಾಕ ಕೈಗಿಟ್ಟು, ಮಕ್ಕಳಿಬ್ಬರ ತಲೆ ಸವರಿ, ಕಣ್ಣೊರೆಸಿಕೊಂಡೇ ಹೇಳಿದಳು. ಆದರೂ ಹೋಗಬೇಕು ಅಂದದ್ದು ಹೋಗಬೇಕು ಅಂದದ್ದೇ. ಮದುವೆಯಾದ ಹೊಸತರಲ್ಲಿ ಬಾತ್ಮಾ ಮತ್ತು ಸಾಗಿನ್ ಅಟ್‌ಬಾಶಿಯ ಬೆಟ್ಟದ ಕಣಿವೆಯಿಂದ ಬಿಷ್ಕೆಕ್ ಪಟ್ಟಣಕ್ಕೆ ಇಳಿದು ಬಂದು ಸೇರಿದ್ದು ಆ ಕೋಣೆಯನ್ನೇ. ಅವಳು ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ತೋಳು ಕೂಡಿಸುತ್ತ, ಅವನು ಸಗಟು ಸಂತೆಯಲ್ಲಿ ಮೂಟೆ ಎಳೆಯುತ್ತ ಬೇರೆಯವರ ಸೂರಿನ ಕೆಳಗೇ ಇಬ್ಬರು ಮಕ್ಕಳನ್ನು ಹೆತ್ತು ಬೆಳೆಸಿದ್ದರು.

"ಇನ್ನೊಂದು ಬಾಡಿಗೆ ಕೋಣೆ ನನ್ನಿಂದಾಗಲ್ಲ" ಎಂದಳು ಬಾತ್ಮಾ ಅಂದು. "ಚಿಕ್ಕದಾದ್ರೂ ಸರಿ, ಊರಾಚೆಗಾದ್ರೂ ಸರಿ. ನಮ್ಮದು ಅಂತ ಒಂದು ಬಾಗಿಲು ಬೇಕು."

ಸಾಗಿನ್ ತನ್ನ ಪಾಲಿಗೆ ಬಂದಿದ್ದ ಕುದುರೆಗಳನ್ನು ಮಾರಿಸಿದ. ಅವಳು ಹೊಲಿಗೆಯಲ್ಲಿ ಉಳಿಸಿದ್ದನ್ನು ತೆಗೆದಳು. ಅಷ್ಟನ್ನು ಕಟ್ಟಿಕೊಂಡು ಭಾನುವಾರ ಬಂತೆಂದರೆ ಇಬ್ಬರೂ ಪಟ್ಟಣದ ಅಂಚುಗಳನ್ನು ಸುತ್ತತೊಡಗಿದರು.

ಪಟ್ಟಣವೋ ಇಳಿಜಾರಿನಲ್ಲಿ ಕುಳಿತದ್ದು. ದಕ್ಷಿಣಕ್ಕೆ, ಮೇಲಕ್ಕೆ, ಬೆಟ್ಟದ ಮಗ್ಗುಲಿಗೆ ಹೋದಷ್ಟೂ ಗಾಳಿ ಒಳ್ಳೆಯದು, ಬೆಲೆ ಕೆಟ್ಟದ್ದು. ಅಲ್ಲಿನ ಗೇಟುಗಳ ಎತ್ತರ ನೋಡಿಯೇ ಸಾಗಿನ್ ವಾಪಸಾಗೋಣ ಎಂದಿದ್ದ. ಪೂರ್ವದಲ್ಲಿ ವಿದ್ಯುತ್ ಸ್ಥಾವರದ ಬೂದಿ. ಒಗೆದು ಹಾಕಿದ ಬಟ್ಟೆ ಒಣಗುವುದರೊಳಗೆ ಮತ್ತೆ ಕೊಳೆ. ಕಸದ ಗುಡ್ಡದ ಕಡೆ ಹಗಲೂ ಇರುಳೂ ಹೊಗೆ. ಇನ್ನೊಂದು ಕಡೆ ಮನೆ ಚೆನ್ನಾಗಿತ್ತು, ಹತ್ತಿರದಲ್ಲಿ ಶಾಲೆ ಇರಲಿಲ್ಲ. ಮತ್ತೊಂದು ಕಡೆ ಶಾಲೆಯಿತ್ತು, ಕಾಗದಪತ್ರ ಕೇಳಿದರೆ ಮಾರುವವನು ಆಕಾಶ ನೋಡಿದ.

ಉತ್ತರಕ್ಕೆ, ತಗ್ಗಿನಲ್ಲಿ, ಜಾಂಗಿ-ಕೊನುಶ್ ಎಂಬ ಬಡಾವಣೆ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಹೊಸ ಬೀಡು ಎಂದು ಅದರ ಅರ್ಥ. ಮಿನಿಬಸ್ಸು ಬೀದಿಯ ತಲೆಯವರೆಗೂ ಹೋಗುತ್ತಿತ್ತು. ಶಾಲೆಯ ಗೋಡೆ ಕಣ್ಣಿಗೆ ಕಾಣುವಷ್ಟು ದೂರ. ಕಾಗದಪತ್ರವೂ ಸರಿಯಾಗಿತ್ತು. ಮೂರು ಕೋಣೆ, ಸುಣ್ಣ ಬಳಿದ ಗೋಡೆ, ನೆಲಕ್ಕೆ ಹೊಸ ಹಾಸು, ಅಂಗಳದಲ್ಲಿ ಒಂದು ಜರ್ದಾಳು ಮರ. ಅವರ ಕೈಯಲ್ಲಿದ್ದುದಕ್ಕೆ ಸರಿಯಾಗಿ ಅದರ ಬೆಲೆ.

"ಇಷ್ಟು ಅಗ್ಗ ಯಾಕೆ?" ಎಂದು ಬಾತ್ಮಾ ನೇರವಾಗಿ ಕೇಳಿದಳು.

ಮಾರಾಟದ ಮಧ್ಯಸ್ಥ ಮೆಲಿಸ್ ಎಂಬವನು ಚರ್ಮದ ಅಂಗಿಯ ಜೇಬಿನಿಂದ ಕೈ ತೆಗೆದು ದಕ್ಷಿಣಕ್ಕೆ ತೋರಿಸಿದ. "ಬೆಟ್ಟ ದೂರ ಅಕ್ಕಾ, ಅದಕ್ಕೆ. ಪಟ್ಟಣದೋರು ಬೆಟ್ಟ ನೋಡೋಕೇ ಅರ್ಧ ದುಡ್ಡು ಕೊಡ್ತಾರೆ. ನೀವೋ ಬೆಟ್ಟದಲ್ಲೇ ಹುಟ್ಟಿದೋರು. ಕಿಟಕಿಯಿಂದ ಮತ್ತೆ ಅದನ್ನೇ ನೋಡೋಕೆ ದುಡ್ಡು ಸುರೀತೀರಾ?"

ಸಾಗಿನ್ ನಕ್ಕುಬಿಟ್ಟ. ಬಾತ್ಮಾಳಿಗೂ ಮಾತು ಸರಿಯೆನಿಸಿತು. ಆದರೂ ಹಿರಿಯರೊಬ್ಬರು ನೋಡದೆ ಮನೆ ಹಿಡಿಯುವುದು ಅವರ ಕಣಿವೆಯಲ್ಲಿಲ್ಲ. ಸಾಗಿನ್‌ನ ದೊಡ್ಡಪ್ಪ ಬಾಯಾಲಿಗೆ ಹೇಳಿಕಳಿಸಿದರು.

ಬಾಯಾಲಿ ಬಂದದ್ದು ಮುಂದಿನ ಭಾನುವಾರ, ಬಿಳಿ ಉಣ್ಣೆಯ ಟೋಪಿ ಇಟ್ಟುಕೊಂಡು, ಮಕ್ಕಳಿಗೆ ಒಣಗಿಸಿದ ಮೊಸರುಂಡೆಯ ಚೀಲ ಹಿಡಿದುಕೊಂಡು. ಇಡೀ ಬಳಗದ ಚಳಿಗಾಲದ ಬೀಡುಗಳನ್ನೆಲ್ಲ ಆರಿಸಿದ್ದವನು ಅವನೇ. ಅವನು ಇಲ್ಲಿ ಗೂಟ ಹೊಡೆಯಿರಿ ಎಂದ ಜಾಗದಲ್ಲಿ ಒಂದು ಕುರಿಮರಿಯೂ ಹಿಮಕುಸಿತಕ್ಕೆ ಸಿಕ್ಕಿರಲಿಲ್ಲ. ಜಾಂಗಿ-ಕೊನುಶಿನಲ್ಲೂ ಅವನು ನೋಡಿದ್ದು ಹಾಗೆಯೇ. ಹಿಡಿ ಒಣಹುಲ್ಲು ತೂರಿ ಗಾಳಿ ಯಾವ ಕಡೆಯದೆಂದು ನೋಡಿದ. ಮೇಲುಗಡೆ ಕಡಿದಾದ ಇಳಿಜಾರಿಲ್ಲವೆಂದು ಖಾತರಿ ಮಾಡಿಕೊಂಡ. ಕಲ್ಲು ಉರುಳುವ ಭಯವಿಲ್ಲ, ಹಿಮ ಜಾರುವ ಭಯವಿಲ್ಲ, ಮಳೆ ಬಂದರೆ ಹಳ್ಳ ನುಗ್ಗುವ ದಾರಿಯೂ ಇಲ್ಲ. ಬೆಟ್ಟದ ಜನಕ್ಕೆ ಕೇಡು ಯಾವತ್ತೂ ಮೇಲಿನಿಂದಲೇ ಬರುತ್ತದೆ. ಅವನು ಕತ್ತೆತ್ತಿ ನಾಲ್ಕೂ ದಿಕ್ಕು ನೋಡಿ, ಕೆಳಗೆ ನೋಡದೆ, ಗಡ್ಡ ನೀವಿಕೊಂಡ.

"ಜಾಗ ಸಾಧು. ಆಲೂಗಡ್ಡೆ ಎಲ್ಲಿಡ್ತೀರಯ್ಯ? ನೆಲಮಾಳಿಗೆ ಕಾಣಲ್ಲ."

"ಈ ಕಾಲದಲ್ಲಿ ನೆಲಮಾಳಿಗೆ ಯಾರು ತೋಡ್ತಾರೆ ತಾತ? ಅಂಗಡಿ ಮೂಲೇಲೇ ಇದೆ" ಎಂದ ಮೆಲಿಸ್.

"ಅಂಗಡಿಯೋನು ನಿಂಗೆ ಭಾವನೇನು, ಚಳಿಗಾಲದಲ್ಲಿ ಬಿಟ್ಟಿ ಕೊಡೋಕೆ?" ಎಂದು ಮುದುಕ ಗೊಣಗಿದ. ಆಮೇಲೆ, "ಇರಲಿ. ಮನೆ ಕೊಳ್ಳಬೇಡ, ನೆರೆ ಕೊಳ್ಳು ಅಂದಿದಾರೆ ಹಿರೀಕರು. ಪಕ್ಕದ ಮನೆಯೋರು ಎಂಥೋರು?" ಎಂದ.

ಕೇಳಿ ಬಾಯಿ ಮುಚ್ಚಿರಲಿಲ್ಲ, ಪಕ್ಕದ ಮನೆಯ ಗೇಟು ತೆರೆದು ಬಿಳಿ ತಲೆವಸ್ತ್ರದ ನಡುವಯಸ್ಸಿನ ಹೆಂಗಸೊಬ್ಬಳು ಹೊರಬಂದಳು. ಕೈಗಳಿಗೆ ಹಿಟ್ಟು ಮೆತ್ತಿತ್ತು. "ಹೊರಗೇ ನಿಲ್ತೀರಾ? ಬನ್ನಿ ದೊಡ್ಡೋರೇ, ಒಳಗೆ ಬನ್ನಿ. ಚಹಾ ಆರಿಹೋಗುತ್ತೆ!"

ಅವಳ ಹೆಸರು ಜೂರಾಕಾನ್. ಗಂಡ ಎಸೆನ್ ಅವಳ ಬೆನ್ನ ಹಿಂದೆ ನಿಂತು ಎರಡೂ ಕೈ ಚಾಚಿ ಮುದುಕನ ಕೈ ಹಿಡಿದ. ಯಾವ ಊರು, ಯಾವ ಬಳಗ ಎಂದು ವಿಚಾರಿಸಿದರೆ ಕೊಚ್ಕೋರ್ ಕಡೆಯವರು. ಅಟ್‌ಬಾಶಿಯಿಂದ ಒಂದು ಕಣಿವೆ ದಾಟಿದರಾಯಿತು. ಬಾಯಾಲಿಯ ಅತ್ತಿಗೆಯ ತವರೂ ಅದೇ ಕಡೆ. ಒಳಗೆ ನೆಲದ ಮೇಲೆ ಊಟದ ಬಟ್ಟೆ ಹಾಸಿ ಆಗಿತ್ತು. ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ ಬೊರ್ಸೋಕಿನ ರಾಶಿ, ಕೆನೆ, ಜೇನು, ಒಣದ್ರಾಕ್ಷಿ. ಅಡುಗೆಮನೆಯ ಹಂಡೆಯಿಂದ ಕುರಿಮಾಂಸ ಬೇಯುವ ವಾಸನೆ ಬರುತ್ತಿತ್ತು.

"ಏನಿದು, ಕುರಿ ಕೊಯ್ದಿದೀರಾ?" ಬಾಯಾಲಿ ಬಾಗಿಲಲ್ಲೇ ನಿಂತ.

"ನಿಮ್ಮ ಓರುಲುಕ್ ದೊಡ್ಡೋರೇ" ಎಂದಳು ಜೂರಾಕಾನ್.

ಮುದುಕನ ಕಣ್ಣು ತುಂಬಿ ಬಂತು. ಬೀಡಿಗೆ ಹೊಸದಾಗಿ ಬಂದವರು ಒಲೆ ಹೂಡುವ ಮೊದಲೇ ಮೊದಲಿನಿಂದ ಇದ್ದವರು ಕರೆದು ಉಣಿಸುವ ಆ ಊಟ ಬೆಟ್ಟದಲ್ಲೇ ಈಚೆಗೆ ಅಪರೂಪವಾಗಿತ್ತು. ಓರುಲುಕ್ ಉಂಡವರು ಆ ಬೀಡಿನವರು. ಆಮೇಲೆ ಬೇರೆ ಮಾತಿಲ್ಲ.

"ನಾವಿನ್ನೂ ಮನೆ ಹಿಡಿದೇ ಇಲ್ಲವಲ್ಲ ಮಗಳೇ."

"ಇವತ್ತಲ್ಲ ನಾಳೆ ನಮ್ಮೋರೇ ತಾನೆ. ಕೂತ್ಕೊಳ್ಳಿ, ಹಿರಿಯರ ಜಾಗದಲ್ಲಿ ಕೂತ್ಕೊಳ್ಳಿ."

ಸಾಗಿನ್ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ನೋಡಿದೆಯಾ, ಎಂಥ ಜನ ಎನ್ನುವಂತಿತ್ತು ಅದು. ಬಾತ್ಮಾಳಿಗೂ ಎದೆ ಹಗುರಾಗಿತ್ತು. ಈ ಪಟ್ಟಣದಲ್ಲಿ ಇಷ್ಟು ವರ್ಷ ಯಾರೂ ಅವಳನ್ನು 'ನಮ್ಮೋಳು' ಅಂದಿರಲಿಲ್ಲ. ಆ ಕ್ಷಣದಲ್ಲೇ ಅವಳು ಮನಸ್ಸಿನಲ್ಲಿ ಮಕ್ಕಳ ಮಂಚಗಳನ್ನು ಪಕ್ಕದ ಮನೆಯ ಬಿಸಿಲು ಬೀಳುವ ಕೋಣೆಯಲ್ಲಿ ಹಾಕಿಬಿಟ್ಟಳು.

ಗಂಡಸರು ಚಹಾಕ್ಕೆ ಕುಳಿತರು. ಕಿರಿಯ ಹೆಂಗಸು ಕೈಕಟ್ಟಿ ಕೂರುವ ಹಾಗಿಲ್ಲ. ಬಾತ್ಮಾ ತೋಳು ಮಡಿಸಿಕೊಂಡು ಅಡುಗೆಮನೆಗೆ ಹೋದಳು. ಜೂರಾಕಾನ್ ಬೇಡ ಬೇಡ ಎಂದಳು. ಬೇಡ ಎಂದದ್ದು ಉಪಚಾರಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಇತ್ತು.

"ಗುರುತಿನೋಳಾಗೋಕೆ ಬಂದೋಳು ನಾನು, ಓಡಿಸ್ತೀರಲ್ಲ ಅಕ್ಕಾ" ಎಂದು ನಗುತ್ತ ಬಾತ್ಮಾ ಹಿಟ್ಟಿನ ಹಲಗೆಯ ಮುಂದೆ ಕುಳಿತು ಲಟ್ಟಿಸಿದ ಹಿಟ್ಟಿನ ಹಾಳೆ ಕೊಯ್ಯತೊಡಗಿದಳು. "ಇಲ್ಲಿ ಹೆಂಗಸರು ಸೇರ್ತೀರಾ? ಸಂಜೆ ಹೊತ್ತು ಹರಟೆಗೆ?"

"ಸೇರ್ತೀವಿ, ಸೇರ್ತೀವಿ."

"ಕಲ್ಲಿದ್ದಲು ಎಲ್ಲಿಂದ ತರ್ತೀರಿ?"

"ಅಲ್ಲೇ… ಬರುತ್ತೆ."

ಜೂರಾಕಾನ್ ಉಪ್ಪು ಹುಡುಕುತ್ತಿದ್ದಳು. ಒಂದು ಕಪಾಟು ತೆರೆದಳು, ಮುಚ್ಚಿದಳು. ಕೆಳಗಿನದು ತೆರೆದಳು. ಕೊನೆಗೆ ಬಾಗಿಲ ಹಿಂದಿನ ಚೀಲಕ್ಕೆ ಕೈಹಾಕಿ ಉಪ್ಪು ತೆಗೆದಳು. ನೆಂಟರು ಬಂದ ಗಡಿಬಿಡಿಯಲ್ಲಿ ಯಾರಿಗಾದರೂ ಆಗುವುದೇ ಎಂದುಕೊಂಡಳು ಬಾತ್ಮಾ. ಆಮೇಲೆ ಹಂಡೆ ಕಲಕಬೇಕಾಯಿತು. ಜೂರಾಕಾನ್ ಒಲೆಯ ಕಡೆ ನೋಡದೆಯೇ ಬಲಗೈ ಎತ್ತಿ ಗೋಡೆಗೆ ಚಾಚಿದಳು, ದಿನಾ ಸೌಟು ತೆಗೆದುಕೊಳ್ಳುವವಳ ಹಾಗೆ. ಅಲ್ಲಿ ಬರಿ ಗೋಡೆಯಿತ್ತು. ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತು, ಬೆರಳು ಮಡಿಸಿಕೊಂಡು, ಕೆಳಗಿಳಿಯಿತು.

ಬಾತ್ಮಾಳ ಚಾಕು ನಿಂತಿತು. ಅವಳು ಅರ್ಧ ಗಂಟೆಯ ಹಿಂದೆ ಇಂಥದೇ ಒಲೆಯೊಂದರ ಮುಂದೆ ನಿಂತಿದ್ದಳು. ಪಕ್ಕದ ಮನೆಯಲ್ಲಿ, ಮಾರಾಟದ ಮನೆಯಲ್ಲಿ, ಒಲೆಯ ಬಲಗಡೆ ಗೋಡೆಗೆ ಒಂದು ಮೊಳೆ ಹೊಡೆದಿತ್ತು. ಅದರ ಕೆಳಗೆ ಸುಣ್ಣವೂ ಮುಚ್ಚಲಾರದಂತೆ ಸೌಟಿನಾಕಾರದ ಜಿಡ್ಡಿನ ಗುರುತಿತ್ತು. ಇಲ್ಲೊಂದು ಸೌಟು ತೂಗುಹಾಕಿಕೊಳ್ಳಬಹುದು ಎಂದು ಅವಳು ಖುಷಿಪಟ್ಟಿದ್ದಳು.

ಹಂಡೆ ಕುದಿಯುತ್ತಿತ್ತು. ಹೊರಗಿನ ಕೋಣೆಯಲ್ಲಿ ಗಂಡಸರು ಯಾವುದಕ್ಕೋ ಗಟ್ಟಿಯಾಗಿ ನಕ್ಕರು.

"ಅಕ್ಕಾ" ಎಂದಳು ಬಾತ್ಮಾ. "ಇದು ನಿಮ್ಮ ಮನೆಯಲ್ಲ."

ಜೂರಾಕಾನ್ ಬೆನ್ನು ತಿರುಗಿಸಿಯೇ ನಿಂತಿದ್ದಳು.

"ನಿಮ್ಮನೆ ಅದು. ನಾವು ಕೊಳ್ಳೋಕೆ ಬಂದಿರೋದು."

ತಿರುಗಿದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ, ಸುಳ್ಳು ಎನ್ನುತ್ತಾಳೆ ಎಂದು ಬಾತ್ಮಾ ಕಾದಳು. ಜೂರಾಕಾನ್ ಕಲ್ಲಿದ್ದಲ ಡಬ್ಬದ ಮೇಲೆ ಕುಸಿದು ಕುಳಿತು, ಹಿಟ್ಟಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. "ಮೆಲಿಸ್‌ಗೆ ಹೇಳಿದ್ದೆ, ಅಡುಗೆ ಹೊರಗೇ ಮಾಡಿಸು, ಈ ಕೆಲ್ಸ ನನ್ನ ಕೈಲಿ ಆಗಲ್ಲ ಅಂತ" ಎಂದಳು.

"ಯಾಕೆ? ಮಾರೋರು ನಾವೇ ಅನ್ನೋಕೇನು? ಮನೆ ಮಾರೋದು ತಪ್ಪಾ?"

ಜೂರಾಕಾನ್ ಎದ್ದಳು. ಮೂಲೆಯ ಉಪ್ಪಿನಕಾಯಿ ಪೀಪಾಯಿಯನ್ನು ಸೊಂಟದಿಂದ ಒತ್ತಿ ಸರಿಸಿದಳು. ಕೆಳಗಿನ ಚಾಪೆ ಎತ್ತಿದಳು. ಅಲ್ಲಿ ನೆಲಮಾಳಿಗೆಯ ಮುಚ್ಚಳವಿತ್ತು. ಕಬ್ಬಿಣದ ಬಳೆ ಹಿಡಿದು ಎಳೆದಳು.

ಬಾತ್ಮಾ ಬಗ್ಗಿದಳು. ಮೊದಲು ಕತ್ತಲೆ ಎಂದೇ ಕಂಡಿತು. ಆಮೇಲೆ ಆ ಕತ್ತಲೆಯಲ್ಲಿ ತನ್ನ ಮುಖವೇ ಕಂಡು ಹಿಂದಕ್ಕೆ ಸರಿದಳು. ನೀರು. ನೆಲಮಾಳಿಗೆಯ ಮೆಟ್ಟಿಲುಗಳೆಲ್ಲ ಮುಳುಗಿ, ನೆಲದ ಹಲಗೆಗೆ ಗೇಣಿನಷ್ಟೇ ಕೆಳಗೆ, ಕಪ್ಪು ನೀರು ಸದ್ದಿಲ್ಲದೆ ನಿಂತಿತ್ತು. ಒಂದು ಕೊಳೆತ ಆಲೂಗಡ್ಡೆ ತೇಲುತ್ತಿತ್ತು. ಜೊಂಡಿನ ವಾಸನೆ ಮುಖಕ್ಕೆ ಹೊಡೆಯಿತು.

"ಇದು ಅಕ್ಟೋಬರು" ಎಂದಳು ಜೂರಾಕಾನ್. "ಈಗ ಅದು ಮಲಗಿದೆ. ಮಾರ್ಚಿನಲ್ಲಿ ಏಳುತ್ತೆ."

"ಎಲ್ಲಿಂದ ಬಂತು?"

"ಎಲ್ಲಿಂದಾನೂ ಬರಲ್ಲ ತಂಗಿ. ಇಲ್ಲೇ ಇರುತ್ತೆ. ಕೆಳಗೆ." ಅವಳು ಕಾಲಿನಿಂದ ನೆಲವನ್ನು ಮೆಲ್ಲಗೆ ತಟ್ಟಿದಳು. "ಮಂಚದ ಕಾಲಿಗೆ ಇಟ್ಟಿಗೆ ಇಟ್ಕೊಂಡು ಮಲಗ್ತೀವಿ. ಮಕ್ಕಳು ಬೂಟು ಹಾಕ್ಕೊಂಡೇ ಊಟ ಮಾಡ್ತವೆ. ನನ್ನ ಚಿಕ್ಕ ಮಗಳ ಎದೇಲಿ ಬೇಸಿಗೆಯಾದ್ರೂ ಕಫ ಇಳಿಯಲ್ಲ. ನಮ್ಮನೇಲೂ ಇಂಥದೇ ಮಾಳಿಗೆ ಇದೆ. ಹೊಸ ಹಾಸಿನ ಕೆಳಗೆ. ಹಿಂದುಗಡೆ ಜೊಂಡು ಬೆಳೆದಿತ್ತು, ಹೋದ ವಾರ ಕೊಯ್ಸಿಬಿಟ್ವಿ."

ಬಾತ್ಮಾಳ ಕಣ್ಣ ಮುಂದೆ ಬಿಸಿಲು ಬೀಳುವ ಕೋಣೆ, ಅಲ್ಲಿ ಹಾಕಿದ್ದ ಎರಡು ಮಂಚ, ಎಲ್ಲ ಕಪ್ಪು ನೀರಿನಲ್ಲಿ ನಿಂತವು.

"ಈ ಮನೆ ಯಾರದು ಮತ್ತೆ?"

"ಯಾರದೂ ಅಲ್ಲ. ಕಟ್ಟಿದೋನು ಬಿಟ್ಟು ಹೋದ, ಹಿಂದಿನ ಗೋಡೆ ಸೀಳಿದೆ, ಯಾರೂ ಕೊಳ್ಳಲ್ಲ. ಬೀಗದ ಕೈ ಮೆಲಿಸ್ ಹತ್ರ ಇರುತ್ತೆ. ಇದು ಊಟಕ್ಕೇ ಇರೋ ಮನೆ ತಂಗಿ. ಈ ಬೀದೀಲಿ ಯಾರು ಮನೆ ಮಾರೋದಾದ್ರೂ ಇಲ್ಲೇ ಊಟದ ಬಟ್ಟೆ ಹಾಸೋದು."

"ಅಂದ್ರೆ…"

"ನಮಗೂ ಇಲ್ಲೇ ಊಟ ಹಾಕಿದ್ರು. ಬೋಳುತಲೆಯವನೊಬ್ಬ, ಅವನ ಹೆಂಡ್ತಿ. ಎಷ್ಟು ಚೆನ್ನಾಗಿ ಮಾತಾಡಿದ್ಲು ಅಂತೀಯ! ಸಂಜೆ ಹೊತ್ತು ಹರಟೆಗೆ ಸೇರ್ತೀವಿ ಅಂದ್ಲು. ಬಂದು ಇಳಿದ ಮಾರನೇ ದಿನ ಬೊರ್ಸೋಕ್ ಮಾಡ್ಕೊಂಡು ಬಂದು ಈ ಬಾಗಿಲು ತಟ್ಟಿದೆ. ತಟ್ಟಿದೆ, ತಟ್ಟಿದೆ…" ಜೂರಾಕಾನ್ ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ನಮಗೆ ಮನೆ ಮಾರಿದ್ದು ಅವರೇ ಅಂತ ತಿಳಿಯೋದಕ್ಕೆ ಚಳಿಗಾಲ ಮುಗೀಬೇಕಾಯ್ತು."

ಹೊರಗಿನ ಕೋಣೆಯಿಂದ ಮೆಲಿಸ್ ಕೂಗಿದ: "ಅಕ್ಕಾ, ಮಾಂಸ ಬರಲಿ! ದೊಡ್ಡೋರು ಕಾಯ್ತಿದಾರೆ!"

ಜೂರಾಕಾನ್ ಬಾತ್ಮಾಳ ಮುಂಗೈ ಹಿಡಿದುಕೊಂಡಳು. ಹಿಡಿತ ಬಿಗಿಯಾಗಿತ್ತು. "ಹೇಳಬೇಡ. ನಿಂಗೆ ಬೇಡ ಅಂದ್ರೆ ಮನೆಗೆ ಹೋಗಿ ಬೇಡ ಅನ್ನು. ಆದ್ರೆ ಇಲ್ಲಿ ಹೇಳಬೇಡ. ಮೆಲಿಸ್ ಇನ್ನೊಬ್ಬರನ್ನ ಕರ್ಕೊಂಡು ಬರ್ತಾನೆ. ನಂಗೆ ಮಗಳಿದಾಳೆ."

"ನಂಗೂ ಮಕ್ಕಳಿದಾವೆ" ಎಂದಳು ಬಾತ್ಮಾ.

ಮಾಂಸ ಹೋಯಿತು. ಬಾಗಿಲ ಬಳಿ ನಿಂತು ಬಾತ್ಮಾ ನೋಡಿದಳು. ಬಾಯಾಲಿಯ ಮುಂದೆ ಹಿರಿಯನ ಮರ್ಯಾದೆಗೆಂದು ಕುರಿಯ ತಲೆ ಇಟ್ಟಿದ್ದರು. ಅವನು ಸಂತೋಷದಿಂದ ಕೆಂಪಗಾಗಿ, ಚಾಕುವಿನಿಂದ ಕೆನ್ನೆ ಬಿಡಿಸಿ ಎಸೆನ್‌ಗೆ ಕೊಡುತ್ತಿದ್ದ. "ನಮ್ಮ ಹುಡುಗ ಸ್ವಲ್ಪ ಮೊದ್ದು. ಮೂಟೆ ಹೊತ್ತು ಹೊತ್ತು ಬುದ್ಧಿ ಬೆನ್ನಿಗಿಳಿದಿದೆ. ನೀವೇ ದಾರಿಗೆ ತರಬೇಕು" ಎನ್ನುತ್ತಿದ್ದ. ಸಾಗಿನ್ ತಲೆ ತಗ್ಗಿಸಿ ನಗುತ್ತಿದ್ದ. ಎಸೆನ್ ಮಾತ್ರ ಕೊಟ್ಟ ಮಾಂಸವನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

"ಈಗ ನಿಮ್ಮ ಬಾತಾ ಒಂದಾದ್ರೆ ಆಯ್ತು ತಾತ" ಎಂದ ಮೆಲಿಸ್. "ಕಾಗದ ಆಮೇಲೆ. ನಮ್ಮಲ್ಲಿ ಹಿರಿಯರ ಬಾತಾನೇ ಮುದ್ರೆ."

ಮಾತು ಸುಳ್ಳಲ್ಲ. ಊಟದ ಕೊನೆಗೆ ಬಾಯಾಲಿ ಎರಡು ಅಂಗೈ ಎತ್ತಿ ಈ ಬೀಡು ನಿಮ್ಮದಾಗಲಿ ಎಂದು ಹರಸಿಬಿಟ್ಟರೆ ಮುಗಿಯಿತು. ಆ ಮಾತು ನುಂಗಿ ಹಿಂದೆ ಸರಿಯುವ ಮನುಷ್ಯನಲ್ಲ ಅವನು. ನೀರಲ್ಲಿ ನಿಂತಾದರೂ ನಡೆಸುತ್ತಾನೆ. ಇತ್ತ ಬಾತ್ಮಾ ಆ ಮನೆತನದ ಸೊಸೆ. ಗಂಡನ ದೊಡ್ಡಪ್ಪನ ಹೆಸರನ್ನು ಕೂಡ ಅವಳು ಬಾಯಿಬಿಟ್ಟು ಹೇಳುವಂತಿಲ್ಲ. ಹಿರಿಯರು ಊಟಕ್ಕೆ ಕುಳಿತಾಗ ಹೊಸ್ತಿಲಲ್ಲಿ ನಿಂತು ಇದು ಮೋಸ ಎಂದು ಕೂಗಿದ ಸೊಸೆ ಅವರ ಕಣಿವೆಯಲ್ಲಿ ಹುಟ್ಟಿರಲಿಲ್ಲ. ಅವಳು ಸಾಗಿನ್‌ನ ಕಡೆ ನೋಡಿದಳು. ಅವನು ಇನ್ನೊಂದು ಎಲುಬಿಗೆ ಕೈಹಾಕಿದ.

ಒಂದೇ ಕೆಲಸಕ್ಕೆ ಸೊಸೆ ಹಿರಿಯರ ಮುಂದೆ ಹೋಗಬಹುದಿತ್ತು. ಊಟವಾದ ಮೇಲೆ ಕೈಗೆ ನೀರು ಹಾಕುವುದಕ್ಕೆ.

ಬಾತ್ಮಾ ಅಡುಗೆಮನೆಗೆ ವಾಪಸು ಹೋಗಿ ಉದ್ದ ಮೂತಿಯ ತಾಮ್ರದ ಗಿಂಡಿ ತೆಗೆದುಕೊಂಡಳು. ಒಲೆಯ ಮೇಲೆ ಬೆಚ್ಚಗಿನ ನೀರಿತ್ತು. ಅದನ್ನು ಮುಟ್ಟದೆ ಮೊಣಕಾಲೂರಿ, ಗಿಂಡಿಯನ್ನು ನೆಲಮಾಳಿಗೆಗೆ ಅದ್ದಿದಳು. ಬಗ್ಗುವ ಕಷ್ಟವೇ ಇರಲಿಲ್ಲ, ನೀರು ಅಷ್ಟು ಹತ್ತಿರವಿತ್ತು. ಗುಳುಗುಳು ಎಂದು ಗಿಂಡಿ ತುಂಬಿತು. ಜೂರಾಕಾನ್ ತಡೆಯಲಿಲ್ಲ. ಗೋಡೆಗೆ ಮುಖ ಮಾಡಿ ನಿಂತಳು.

ಬಾತ್ಮಾ ಬೋಗುಣಿ ಹಿಡಿದು, ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು, ತಲೆ ತಗ್ಗಿಸಿ ಬಂದು ಮುದುಕನ ಮುಂದೆ ಮೊಣಕಾಲೂರಿದಳು. ಬಾಯಾಲಿ ಜಿಡ್ಡಾದ ಕೈಗಳನ್ನು ಚಾಚಿದ. "ನೂರು ವರ್ಷ ಬಾಳು ಮಗಳೇ" ಎಂದ.

ಅವಳು ಸುರಿದಳು.

ಮೊದಲ ತೊಟ್ಟಿಗೇ ಅವನ ಬೆರಳು ಸೆಟೆದವು. ಅಷ್ಟು ತಣ್ಣಗಿತ್ತು. ಆಮೇಲೆ ವಾಸನೆ ಎದ್ದಿತು. ಬೋಗುಣಿಯ ಬಿಳಿ ತಳದಲ್ಲಿ ನೀರು ಚಹಾದಂತೆ ಕಪ್ಪಗೆ ಹರಡಿ, ಅದರಲ್ಲೊಂದು ಜೊಂಡಿನ ಎಸಳು ಗಿರಗಿರನೆ ತಿರುಗಿತು.

"ಬಾತ್ಮಾ! ತಲೆ ಕೆಟ್ಟಿದೆಯಾ?" ಸಾಗಿನ್ ಅರ್ಧ ಎದ್ದ.

ಬಾಯಾಲಿ ಕೈ ಹಿಂದಕ್ಕೆ ತೆಗೆದುಕೊಳ್ಳದೆ ಅವುಗಳನ್ನೇ ನೋಡುತ್ತಿದ್ದ. "ಎಲ್ಲಿಯ ನೀರು ಇದು?" ಎಂದು ಮೆಲ್ಲಗೆ ಕೇಳಿದ.

"ನಿಮ್ಮ ಕೆಳಗಿನದು ದೊಡ್ಡಮಾವ" ಎಂದಳು ಬಾತ್ಮಾ. ಕಣ್ಣೆತ್ತಲಿಲ್ಲ. "ನೀವು ಕೂತಿದೀರಲ್ಲ, ಅದರ ಕೆಳಗಿನದು. ಆ ಮನೆ ಕೆಳಗೂ ಇದೇ ಇದೆಯಂತೆ. ಮಾರ್ಚಿನಲ್ಲಿ ಮೇಲೆ ಬರುತ್ತಂತೆ."

ಮೆಲಿಸ್ ನಗಲು ಬಾಯಿ ತೆರೆದ. "ಏನೋ ಹಳೇ ಮಾಳಿಗೆ, ಸ್ವಲ್ಪ ತೇವ…"

"ಬಾಯ್ಮುಚ್ಚು" ಎಂದ ಎಸೆನ್. ಊಟಕ್ಕೆ ಕುಳಿತ ಮೇಲೆ ಅವನಾಡಿದ ಮೊದಲ ಮಾತು ಅದು.

ಬಾಯಾಲಿ ಎದ್ದು, ಒದ್ದೆ ಕೈಗಳನ್ನು ದೇಹದಿಂದ ದೂರ ಹಿಡಿದುಕೊಂಡು, ಅಡುಗೆಮನೆಗೆ ಹೋದ. ಸಾಗಿನ್ ಅವನ ಊರುಗೋಲು ಹಿಡಿದು ಹಿಂದೆ ಹೋದ. ಮುಚ್ಚಳ ತೆರೆದೇ ಇತ್ತು. ಇಬ್ಬರೂ ಬಗ್ಗಿ ನೋಡಿದರು. ಎಷ್ಟು ಹೊತ್ತು ನೋಡಿದರೋ. ಮುದುಕ ಊರುಗೋಲನ್ನು ನೀರಿಗೆ ಇಳಿಬಿಟ್ಟ. ಕೋಲು ಮುಗಿದು, ತೋಳು ಮೊಳಕೈವರೆಗೆ ಮುಳುಗಿದರೂ ತಳ ಸಿಗಲಿಲ್ಲ. "ನೀರು ಕೆಳಗಿಂದ ಬರುತ್ತಾ?" ಎಂದು ಅವನು ಮಗುವಿನ ಹಾಗೆ ಕೇಳಿದ. "ಮೇಲಿಂದ ಬರೋದು ನೋಡಿದೀನಿ. ಕೆಳಗಿಂದ…" ಬಿಳಿ ಟೋಪಿಯ ಕೆಳಗೆ ಆ ಮುಖ ಒಮ್ಮೆಗೇ ಮುಪ್ಪಾಗಿಹೋದದ್ದನ್ನು ಬಾತ್ಮಾ ನೋಡಿದಳು.

ಜೂರಾಕಾನ್ ಎಲ್ಲವನ್ನೂ ಹೇಳಿದಳು, ಗೋಡೆಗೇ ಹೇಳಿದಳು. ಬೋಳುತಲೆಯವನ ಕಥೆ, ಬೀಗದ ಕೈಯ ಕಥೆ, ಈ ಬಟ್ಟೆಯ ಮೇಲೆ ಉಂಡವರ ಕಥೆ.

ಬಾಯಾಲಿ ವಾಪಸು ಬಂದು ಊಟದ ಬಟ್ಟೆಯ ತಲೆಗೆ ನಿಂತ. ಕುಳಿತುಕೊಳ್ಳಲಿಲ್ಲ. "ಓರುಲುಕ್ ಅಂದ್ರಿ" ಎಂದ. ಸ್ವರ ಏರಿರಲಿಲ್ಲ. "ಉಪ್ಪು ಇಟ್ಟು, ರೊಟ್ಟಿ ಮುರಿದು ನಮ್ಮೋರು ಅಂದ್ರಿ. ಬಾತಾ ಬೇಕಲ್ವಾ? ತಗೊಳ್ಳಿ."

ಅವನು ಕೈಗಳನ್ನೆತ್ತಿದ. ಆಮೇಲೆ ನಿಧಾನವಾಗಿ ಅಂಗೈಗಳನ್ನು ಹೊರಕ್ಕೆ ತಿರುಗಿಸಿದ.

ಸಾಗಿನ್‌ನ ಗಂಟಲಿನಿಂದ ಒಂದು ಸದ್ದು ಹೊರಟಿತು. ತಿರುವಿದ ಕೈಯ ಬಾತಾ ಶಾಪ. ಅಜ್ಜಂದಿರು ಮುತ್ತಜ್ಜಂದಿರು ಕೊಟ್ಟದ್ದನ್ನು ಕೇಳಿದ್ದರೇ ಹೊರತು ಅಲ್ಲಿದ್ದವರು ಯಾರೂ ಕಣ್ಣಿನಿಂದ ನೋಡಿರಲಿಲ್ಲ. ಎಸೆನ್ ಮೊಣಕಾಲ ಮೇಲೆ ಬಿದ್ದ. ಬಾಗಿಲಲ್ಲಿ ಜೂರಾಕಾನ್, "ನನಗೆ ಕೊಡಿ, ನನಗೊಬ್ಬಳಿಗೇ ಕೊಡಿ, ಮಕ್ಕಳಿಗೆ ಬೇಡ!" ಎಂದು ಚೀರಿದಳು. ಮೆಲಿಸ್ ಕೂಡ ಗೋಡೆಗೆ ಆನಿಕೊಂಡಿದ್ದ.

ಬಾತ್ಮಾ ಹೇಗೆ ಎದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಸೊಸೆ ಮುಟ್ಟಬಾರದ ಆ ಕೈಗಳನ್ನು ಎರಡೂ ಕೈಯಿಂದ ಹಿಡಿದು ಕೆಳಕ್ಕೆಳೆದಳು. ಅವು ಮಂಜುಗಡ್ಡೆಯಂತಿದ್ದವು. ಇನ್ನೂ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು.

"ಬೇಡ ದೊಡ್ಡಮಾವ. ಇವರಿಗೂ ಯಾರೋ ಹಾಕಿದ ಊಟವೇ ಇದು."

ಮುದುಕ ಅವಳ ಮುಖವನ್ನು ದಿಟ್ಟಿಸಿದ. ಇಷ್ಟು ವರ್ಷದಲ್ಲಿ ಅವರಿಬ್ಬರ ಕಣ್ಣು ಕೂಡಿದ್ದು ಅದೇ ಮೊದಲು. ಕೈ ಬಿಡಿಸಿಕೊಂಡು, ಹರಸಲೂ ಇಲ್ಲ ಶಪಿಸಲೂ ಇಲ್ಲ, ಊರುಗೋಲು ಎತ್ತಿಕೊಂಡು ಹೊರಟುಬಿಟ್ಟ. ಬಾತಾ ಇಲ್ಲದೆ ಎದ್ದ ಊಟ ಹಾಗೇ ಹರಡಿಕೊಂಡು ಬಿದ್ದಿತು.

ಬೀದಿಯಲ್ಲಿ ಬಿಸಿಲಿತ್ತು. ಬರುವಾಗ ಖಾಲಿಯೆಂದು ಕಂಡ ಬೀದಿ ಅದು. ಈಗ ನೋಡಿದರೆ ಪ್ರತಿಯೊಂದು ಗೇಟಿನ ಸಂದಿಯಲ್ಲೂ ಮುಖವಿತ್ತು. ಗೋಡೆಗಳ ಬುಡದಲ್ಲಿ ಮೊಳಕಾಲೆತ್ತರಕ್ಕೆ ಹೊಸ ಬಣ್ಣದ ಪಟ್ಟಿ ಎಳೆದಿದ್ದರು, ಬೀದಿಗೆ ಬೀದಿಯೇ. ಚೆಂದಕ್ಕೆಂದು ಬಾತ್ಮಾ ಬರುವಾಗ ಅಂದುಕೊಂಡಿದ್ದಳು.

ಬಾಯಾಲಿ ಮುಂದೆ ಮುಂದೆ ನಡೆದಿದ್ದ. ಕೊನೆಯ ಮನೆಗಳ ಹತ್ತಿರ ಒಂದು ಗೇಟು ತೆರೆದು ತುಂಬು ಬಸುರಿಯೊಬ್ಬಳು ಇಣುಕಿದಳು.

"ತಗೊಂಡ್ರಾ? ಜೂರಾಕಾನ್ ಅಕ್ಕನ ಮನೆ?"

"ಇಲ್ಲ" ಎಂದಳು ಬಾತ್ಮಾ.

ಆ ಹೆಣ್ಣಿನ ಮುಖ ಅರಳಿತು. ಬಾತ್ಮಾ ಅದನ್ನು ಕಂಡು ಬೆಚ್ಚಿದಳು. "ಹಾಗಾದ್ರೆ ನಮ್ದು ನೋಡ್ತೀರಾ? ನಿಮಗೆ ಗೊತ್ತಾಗಿದೆ, ಮುಚ್ಚಿಡೋದೇನು? ನಮ್ದು ಅವರಿಗಿಂತ ಎತ್ತರದಲ್ಲಿದೆ ಅಕ್ಕಾ. ಮೊಳಕಾಲುದ್ದ ಬರಲ್ಲ, ಪಾದ ಮುಳುಗುತ್ತೆ ಅಷ್ಟೆ. ಅದೂ ಏಪ್ರಿಲ್‌ವರೆಗೆ. ಅಗ್ಗಕ್ಕೆ ಕೊಡ್ತೀವಿ."

ಸಾಗಿನ್ ನಿಂತ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಎಷ್ಟಕ್ಕೆ?" ಎಂದ.

ಬಾತ್ಮಾಳ ಮೈ ಝಲ್ಲೆಂದಿತು. ಆ ಒಂದು ಮಾತು ಗಂಡನ ಬಾಯಿಂದ ಬರುವ ಮೊದಲೇ ತನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟೇ ಅಲ್ಲ, ಮೂರು ವರ್ಷ ಹ್ಯಾಗೋ ಕಳೆದರೆ ಆಮೇಲೆ ಮೆಲಿಸ್‌ಗೆ ಹೇಳಬಹುದು ಎನ್ನುವುದೂ, ಯಾವ ಬೀಗದ ಕೈ ಕೇಳಬೇಕೆನ್ನುವುದೂ ತಲೆಯಲ್ಲಿ ಹಾದುಹೋಗಿತ್ತು. ಆಗಲೇ ಆ ಬಟ್ಟೆಯ ಮುಂದೆ ಬಿಳಿ ತಲೆವಸ್ತ್ರ ಕಟ್ಟಿಕೊಂಡು ಕುಳಿತವಳು ತಾನೇ ಆಗಿದ್ದಳು.

"ಮಾರ್ಚಿನಲ್ಲಿ ಬಂದು ನೋಡ್ತೀವಿ ತಂಗಿ" ಎಂದಳು.

ಬಸುರಿ ಅವಳನ್ನೇ ಒಂದು ಗಳಿಗೆ ನೋಡಿದಳು. ಗೇಟು ಹಾಕಿಕೊಂಡಳು. ಅಗುಳಿ ಬಿದ್ದ ಸದ್ದಾಯಿತು. ಅದರ ಪಕ್ಕದ ಗೇಟು ಮುಚ್ಚಿತು, ಅದರಾಚೆಯದೂ ಮುಚ್ಚಿತು. ಬೀದಿಯುದ್ದಕ್ಕೂ ಒಂದಾದ ಮೇಲೊಂದು ಅಗುಳಿ ಬೀಳುತ್ತ ಹೋದವು.

ಬಸ್ಸಿನ ನಿಲ್ದಾಣದಲ್ಲಿ ಬಾಯಾಲಿ ಮಣ್ಣಿನಿಂದ ಕೈ ಉಜ್ಜಿಕೊಳ್ಳುತ್ತಿದ್ದ. ಅವರು ದೂರದಲ್ಲೇ ನಿಂತರು.

"ಸುಮ್ನೆ ಕೇಳ್ದೆ ಕಣೆ, ಎಷ್ಟು ಅಂತ" ಎಂದ ಸಾಗಿನ್.

"ಗೊತ್ತು" ಎಂದಳು ಬಾತ್ಮಾ. "ವೇರಾ ಅಜ್ಜಿ ಕಾಲು ಹಿಡ್ಕೊಂಡು ಕೇಳೋಣ, ಈ ಚಳಿಗಾಲಕ್ಕೆ ಅವರ ಸೌದೆ ಕೊಟ್ಟಿಗೆ ಆದ್ರೂ ಕೊಡ್ತಾರೇನೋ ಅಂತ."